ಸಕ್ಕರೆ ಕಟ್ಟಿದ ಕ್ಯಾಮೆರಾ

ಬೀದಿಯವರೆಲ್ಲ ಆಕೆಯನ್ನು ಕೇಕಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷಗಳಿಂದ ಮನೆಯ ಅಡುಗೆಕೋಣೆಯಲ್ಲೇ ಹುಟ್ಟುಹಬ್ಬಕ್ಕೆ, ಮದುವೆಗೆ ಕೇಕ್ ಮಾಡಿಕೊಡುತ್ತಿದ್ದಳು. ಬೆಳಗ್ಗಿನಿಂದ ಬೆನ್ನು ಬಗ್ಗಿಸಿ ಕೂರಿಸಿದ ಸಕ್ಕರೆ ಹೂವು ಸಂಜೆಯೊಳಗೆ ಯಾರದೋ ಹೊಟ್ಟೆ ಸೇರುತ್ತಿತ್ತು. ಹಾಗಾಗಿ ಕೇಕ್ ಹೊಸ್ತಿಲು ದಾಟುವ ಮುನ್ನ ಅದನ್ನು ಕಿಟಕಿಯ ಬೆಳಕಿಗಿಟ್ಟು, ಗಂಡ ಕೊಡಿಸಿದ್ದ ಪುಟ್ಟ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯುವುದು ಅವಳ ರೂಢಿ. ಎಷ್ಟೋ ಸಲ ಕೈ ತೊಳೆಯುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

ಪೇಟೆಯ ದೊಡ್ಡ ಬೇಕರಿಯಲ್ಲಿ ಕೆಲಸ ಖಾಲಿಯಿದೆಯೆಂದು ತಿಳಿದು ಕೇಳಿಕೊಂಡು ಹೋದಾಗ, ಅಲ್ಲಿನ ಒಡತಿ, "ನೀವು ಮಾಡಿರೋ ಕೇಕುಗಳ ಫೋಟೋ ನಾಳೆ ಸಂಜೆಯೊಳಗೆ ಮೇಲ್ ಮಾಡಿ" ಎಂದಿದ್ದರು. ಮರುದಿನ ಮಧ್ಯಾಹ್ನ ಕೇಕಕ್ಕ ಕ್ಯಾಮೆರಾ ಹಿಡಿದು ನಾದಿನಿಯ ಮನೆಗೆ ಬಂದಳು. ಕಂಪ್ಯೂಟರ್ ಇದ್ದದ್ದು ಅಲ್ಲೇ.

"ಐದು ನಿಮಿಷದ ಕೆಲ್ಸ, ಕೂತ್ಕೊಳ್ಳಿ ಅತ್ತಿಗೆ" ಎಂದಳು ನಾದಿನಿ.

ಆದರೆ ವೈರು ಕ್ಯಾಮೆರಾದೊಳಗೆ ಹೋಗಲೊಲ್ಲದು. ನಾದಿನಿ ಟಾರ್ಚ್ ಬಿಟ್ಟು ನೋಡಿದರೆ ತೂತಿನ ತುಂಬ ಬಿಳಿ ಪುಡಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

"ಅತ್ತಿಗೆ, ನಿಮ್ಮ ಕ್ಯಾಮೆರಾಗೆ ಸಕ್ಕರೆ ಕಾಯಿಲೆ."

ಕೇಕಕ್ಕ ನಕ್ಕಳು, ಆದರೆ ಮುಖ ಸಪ್ಪಗಾಯಿತು. ಅರ್ಧ ಗಂಟೆ ಸೂಜಿಯಲ್ಲಿ ಕೆದಕಿದ ಮೇಲೆ ವೈರು ಕೂತಿತು. ಕಂಪ್ಯೂಟರ್ ಮಾತ್ರ ಕಂಡೂ ಕಾಣದಂತೆ ಸುಮ್ಮನಿತ್ತು. ಕೊನೆಗೆ ನಾದಿನಿ ಕ್ಯಾಮೆರಾದ ಕಾರ್ಡನ್ನೇ ತೆಗೆದು ಕಂಪ್ಯೂಟರಿಗೆ ಹಾಕಿದಳು. ಪರದೆಯ ಮೇಲೆ ಏನೋ ಪ್ರಶ್ನೆ ಮೂಡಿತು.

"ಹೂಂ ಅಂದ್ಬಿಡ್ತೀನಿ" ಎಂದು ಮೌಸ್ ಹಿಡಿದವಳ ಮಣಿಕಟ್ಟನ್ನು ಕೇಕಕ್ಕ ಗಪ್ಪನೆ ಹಿಡಿದಳು. "ಏನ್ ಕೇಳ್ತಿದೆ ಅದು? ಮೊದ್ಲು ಓದಮ್ಮ."

"ಫಾರ್ಮ್ಯಾಟ್ ಮಾಡ್ಲಾ ಅಂತಿದೆ."

"ಹಂಗಂದ್ರೆ?"

ನಾದಿನಿ ನಾಲಗೆ ಕಚ್ಚಿಕೊಂಡಳು. "ಎಲ್ಲಾ ಅಳಿಸಿಹೋಗುತ್ತೆ."

ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೇ ಹಾಕಿ, ಕೇಕಕ್ಕ ಗುಂಡಿ ಒತ್ತಿದಳು. ಹೋದ ವಾರದ ಕೇಕ್ ಕಾಣಿಸಿತು. ಹೋದ ಜೀವ ಬಂದಂತಾಯಿತು.

"ಇನ್ನು ಮುಟ್ಟೋದು ಬೇಡ. ಹಿಂಗೇ ತಗೊಂಡೋಗಿ ತೋರಿಸ್ತೀನಿ."

"ಅಂಗೈಯಷ್ಟಿಲ್ಲ ಪರದೆ, ಯಾರು ನೋಡ್ತಾರೆ? ಇರಿ, ನಾನೂ ಬರ್ತೀನಿ."

ಬೇಕರಿಯ ಒಡತಿ ಕನ್ನಡಕ ಹಣೆಗೇರಿಸಿ, ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದಾಗಿ ನೋಡತೊಡಗಿದರು. ನಡುವೆ ಬಾಯಿ ತೆರೆದು ಮಲಗಿದ ಗಂಡನ ಫೋಟೋ ಬಂದಾಗ ಕೇಕಕ್ಕ ನಾಚಿಕೆಯಿಂದ ಹಿಡಿಯಷ್ಟಾದಳು. ಒಡತಿ ಇನ್ನೊಂದರ ಬಳಿ ನಿಂತರು. ಮೂರಂತಸ್ತಿನ ಕೇಕು ಒಂದು ಕಡೆ ಕುಸಿದಿತ್ತು.

"ಬಿದ್ದದ್ದನ್ನ ಯಾಕೆ ತೆಗೆದ್ರಿ?"

"ಎಲ್ಲಿ ತಪ್ಪಿದೆ ಅಂತ ಆಮೇಲೆ ನೋಡೋಕೆ. ಕೆಳಗಿಂದು ಪೂರ್ತಿ ಆರಿರ್ಲಿಲ್ಲ, ಅವಸರ ಮಾಡ್ದೆ."

"ಆ ಮನೆಯವ್ರಿಗೆ?"

"ಇನ್ನೊಂದು ಮಾಡ್ಕೊಟ್ಟೆ. ತಡ ಆಯ್ತು, ಬೈಸ್ಕೊಂಡೆ."

ಒಡತಿ ಕ್ಯಾಮೆರಾ ಮರಳಿ ಕೊಟ್ಟರು. "ಸೋಮವಾರ ಬೆಳಗ್ಗೆ ಏಳಕ್ಕೆ ಬನ್ನಿ."

ಕೇಕಕ್ಕ ಕೆಲಸಕ್ಕೆ ಸೇರಿದ ವಾರವೇ ನಾದಿನಿ ತನ್ನ ಕಚೇರಿಯಿಂದ ಕಾರ್ಡ್ ಓದುವ ಬೇರೊಂದು ಸಾಧನ ತಂದಳು. ಈ ಸಲ ಫೋಟೋಗಳೆಲ್ಲ ಸರಾಗವಾಗಿ ಇಳಿದವು. ದೊಡ್ಡ ಪರದೆಯಲ್ಲಿ ಮೊದಲ ಸಲ ತನ್ನ ಹೂಗಳನ್ನು ಕಂಡ ಕೇಕಕ್ಕ ಮುಂದಕ್ಕೆ ಬಾಗಿದಳು.

"ಈ ಗುಲಾಬಿ ಸೊಟ್ಟಗಿದೆ ನೋಡು. ಯಾರೂ ಹೇಳ್ಲೇ ಇಲ್ಲ."

"ಕಬ್ಬು ಡೊಂಕಾದ್ರೆ ಸಿಹಿ ಡೊಂಕಾ ಅತ್ತಿಗೆ?" ಎನ್ನುತ್ತ ನಾದಿನಿ ಮುಂದಿನ ಫೋಟೋಕ್ಕೆ ಹೋದಳು.