ನನ್ನ ದನಿಯಲ್ಲಿ ಅವ್ವನಿಗೆ ಬಂದ ಕರೆ

ನಮ್ಮ ಮಾವ ಪಡಸಾಲೆಯ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ, ಅತ್ತೆ ಉಣ್ಣೆ ನೂಲುತ್ತಾರೆ. ನನ್ನ ಗಂಡ ವರ್ಷದ ಬಹುಪಾಲು ಕುರಿಹಿಂಡಿನ ಜೊತೆ ಕೃಷ್ಣಾ ನದಿಯ ಕಡೆ ಇರುತ್ತಾರೆ. ಮಹಾರಾಷ್ಟ್ರದ ಗಡಿಯೊಳಗಿನ ಮುಚ್ಚಂಡಿಯಲ್ಲಿ ಬಸ್ಸಿಳಿದು ಹೊಲಗಳ ನಡುವೆ ನಡೆದರೆ ಸಿಗುವ ನಾಲ್ಕಾರು ಮನೆಗಳ ವಸ್ತಿ ನಮ್ಮದು. ಇಂಥ ಕಡೆಯಿಂದ ಪುಣೆಯವರೆಗೂ ಕಂಬಳಿ ಮಾರುವ ಕೆಲಸ ನನ್ನ ಪಾಲಿಗೆ ಬಂದದ್ದು ಫೋನಿನ ದೆಸೆಯಿಂದ. ನಮ್ಮ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರಿಗೆಲ್ಲ ಒಂದು ಕಂಪನಿಯವರು ಫೋನಿನಲ್ಲೇ ಅಂಗಡಿ ತೆರೆದುಕೊಟ್ಟರು. ನನ್ನ ಅಂಗಡಿಯ ಬಾಗಿಲಲ್ಲಿ ನನ್ನದೇ ಫೋಟೋ. ಹೆಗಲ ಮೇಲೆ ಕರಿ ಕಂಬಳಿ ಹೊದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವ ಫೋಟೋ.

ಎರಡು ವರ್ಷ ಅಂಗಡಿ ಹಾಗೂ ಹೀಗೂ ನಡೆಯಿತು. ಬಹಳ ಮಂದಿ ನೋಡುತ್ತಿದ್ದರು, ಕೊಳ್ಳುವವರು ಕಡಿಮೆ.

ಕಳೆದ ಬೇಸಿಗೆಯಲ್ಲಿ ಆ ಕಂಪನಿಯವರು ನಮ್ಮನ್ನು ತಾಲೂಕಿನ ಊರು ಜತ್ತಕ್ಕೆ ಕರೆಸಿದರು. ಒಬ್ಬ ಹುಡುಗಿ ಗೋಡೆಯ ಮೇಲೆ ಚಿತ್ರ ತೋರಿಸುತ್ತ, ಅಂಗಡಿಯಲ್ಲಿ ಮುಂದೆ ಏನೇನು ಬರಲಿದೆ ಎಂದು ಮರಾಠಿಯಲ್ಲಿ ವಿವರಿಸಿದಳು. ಯಾರು ಯಾವ ಕಂಬಳಿಯನ್ನು ಎಷ್ಟು ಹೊತ್ತು ನೋಡಿದರು ಎಂಬುದು ತಿಳಿಯುತ್ತದೆ. ನೋಡಿ ಕೊಳ್ಳದೆ ಹೋದವರನ್ನು ಅಂಗಡಿಯೇ ಫೋನ್ ಮಾಡಿ ಮತ್ತೆ ಕರೆಯುತ್ತದೆ. ಅದೂ ಅಂಗಡಿಯವಳ ದನಿಯಲ್ಲೇ. ನಾವು ಒಂದು ಸಲ ಹತ್ತಿಪ್ಪತ್ತು ಸಾಲು ಓದಿಕೊಟ್ಟರೆ ಸಾಕು, ಮುಂದಿನ ಮಾತೆಲ್ಲ ಅದೇ ಆಡುತ್ತದೆ, ಮರಾಠಿಯವರಿಗೆ ಮರಾಠಿ, ಕನ್ನಡದವರಿಗೆ ಕನ್ನಡ. ಎಲ್ಲರಿಗೂ ಬರುವ ಮೊದಲು ಕೆಲವರು ಬಳಸಿ ನೋಡಬೇಕು, ಯಾರು ತಯಾರಿದ್ದೀರಿ ಎಂದು ಕೇಳಿದಳು.

ನನ್ನ ಪಕ್ಕದಲ್ಲಿ ಕೂತಿದ್ದ ಗುಡ್ಡಾಪುರದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಾ ಒಲ್ಲೆವ್ವಾ. ನನ್ನ ಬಾಯಾಗ ಯಾರೋ ಮಾತಾಡಿದ್ರ ಹೆಂಗ?" ಎಂದಳು. ಆಕೆಯ ಮಾತು ನನಗೂ ಸರಿ ಅನಿಸಿತು. ಆದರೆ ಮಾವನ ಮಗ್ಗದ ಪಕ್ಕದಲ್ಲಿ ಮಾರದೆ ಉಳಿದ ಕಂಬಳಿಗಳು ಕಣ್ಣ ಮುಂದೆ ಬಂದವು. ಕೈ ಎತ್ತಿದೆ. ಹಿಂದಿನ ಕೋಣೆಯಲ್ಲಿ ಆ ಹುಡುಗಿ ಫೋನ್ ಹಿಡಿದಳು, ನಾನು ಓದಿದೆ. "ನಮಸ್ಕಾರ್ರಿ", "ಚಲೋ ಅದೀರೇನ್ರಿ", ಬಣ್ಣಗಳ ಹೆಸರು, ಹಬ್ಬಗಳ ಹೆಸರು. ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ ನೆಟ್ಟಗೆ ನಿಂತು ಓದಿದೆ.

ಮುಂದಿನ ವಾರದಿಂದಲೇ ಗಿರಾಕಿಗಳು ಬರತೊಡಗಿದರು. ಸೋಲಾಪುರದಿಂದ ಒಬ್ಬರು, ಮಿರಜದಿಂದ ಒಬ್ಬರು, ಒಂದೇ ದಿನ ಪುಣೆಯಿಂದ ಇಬ್ಬರು. ಮಾವ ಮಗ್ಗದಿಂದ ತಲೆ ಎತ್ತದೆ, "ಏನ್ ಮಾಟ ಮಾಡೀ ಯವ್ವಾ?" ಎಂದು ನಕ್ಕರು. ನಾನೂ ನಕ್ಕೆ. ಯಾರಿಗೂ ಏನೂ ಹೇಳಿರಲಿಲ್ಲ.

ಆ ಕರೆಗಳನ್ನು ನಾವು ಆಮೇಲೆ ಕೇಳಬಹುದಿತ್ತು. ಮಾತೆಲ್ಲ ಅಂಗಡಿಯಲ್ಲೇ ಉಳಿದಿರುತ್ತಿತ್ತು. ಕೇಳಲು ನನಗೆ ಧೈರ್ಯ ಸಾಲದೆ ಹಾಗೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿ, ಕಿಟಕಿಯಲ್ಲಿ ಫೋನ್ ಇಟ್ಟು ಅಂಥ ಒಂದು ಹಳೆಯ ಕರೆ ಹಚ್ಚಿ ಕೇಳತೊಡಗಿದೆ. ಅಷ್ಟರಲ್ಲಿ ಅಂಗಳದಲ್ಲಿ ಒಣಹಾಕಿದ್ದ ಉಣ್ಣೆಗೆ ಮೇಕೆ ಬಾಯಿ ಹಾಕಿತು. ಫೋನ್ ಅಲ್ಲೇ ಬಿಟ್ಟು ಓಡಿದೆ. ಮೇಕೆಯನ್ನು ಅಟ್ಟಿ ತಿರುಗಿ ನೋಡಿದರೆ ಬಾಗಿಲ ಚೌಕಟ್ಟು ಹಿಡಿದು ಅತ್ತೆ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಅವರ ಬೆನ್ನ ಹಿಂದೆ, ಮನೆಯೊಳಗೆ, ನಾನು ಮಾತಾಡುತ್ತಿದ್ದೆ.

"ನೀ ಅಲ್ಲಿ ನಿಂತೀ," ಎಂದರು ಅತ್ತೆ. "ಮತ್ತ ಒಳಗ ಯಾರು?"

"ಫೋನ್ ರೀ ಅತ್ತೀ, ಅಂಗಡಿ ಫೋನು."

"ಫೋನಂದ್ರ ನೀನೇ ಮಾತಾಡಬೇಕಲ್ಲ? ನಿನ್ನ ಬಾಯಿ ಮುಚ್ಚೇತಿ."

ಓಡಿಬಂದು ಆರಿಸಬೇಕು ಅಂದುಕೊಂಡವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಆ ಕಡೆಯ ಗಿರಾಕಿ, ಯಾರೋ ಎಳೆಯ ತಾಯಿ, ಮಗುವಿಗೆ ಜ್ವರ ಬಂದು ರಾತ್ರಿ ನಿದ್ದೆಯಿಲ್ಲ ಎಂದು ಹೇಳುತ್ತಿದ್ದಳು. ಅದಕ್ಕೆ ನನ್ನ ದನಿ, ಕಕ್ಕುಲಾತಿಯಿಂದ, "ಅಯ್ಯ ಪಾಪ! ತಿಳೀತೈತ್ರಿ ನನಗ. ನನಗೂ ಸಣ್ಣ ಮಗಳದಾಳ್ರಿ. ಈ ಕಂಬಳ್ಯಾಗ ಸುತ್ತಿ ಮಲಗಿಸಿದ್ರ ಹೂವಿನಂಗ ಮಲಗ್ತಾಳ," ಎಂದಿತು. ಆಮೇಲೆ ನಕ್ಕಿತು. ನಾನು ನಗುವುದು ಹಾಗೆಯೇ, ಕೊನೆಯಲ್ಲಿ ಉಸಿರು ಒಳಗೆಳೆದುಕೊಂಡು. ಜತ್ತದಲ್ಲಿ ನಾನು ನಕ್ಕಿರಲೇ ಇಲ್ಲ. ಎಲ್ಲಿಂದ ತೆಗೆದುಕೊಂಡಿತು ಆ ನಗುವನ್ನು?

ನನಗೆ ಮಗಳಿಲ್ಲ. ಮಕ್ಕಳಾಗಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುವುದೂ ಇಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಫೋನ್ ಇನ್ನೂ ಕಂಬಳಿಯ ಉದ್ದಗಲ ಹೇಳುತ್ತಲೇ ಇತ್ತು.

"ಆರಿಸದನ್ನ," ಎಂದರು ಅತ್ತೆ ಸಣ್ಣಗೆ.

ಆರಿಸಿದೆ. ಪೂರ್ತಿ ಬಂದ್ ಮಾಡಿ, ಕೌದಿಗಳ ಒಟ್ಟಿಲಿನ ಅಡಿಗೆ ತುರುಕಿದೆ. ಆ ದಿನವೆಲ್ಲ ನಾನು ಏನಾದರೂ ಅಂದರೆ ಅತ್ತೆ ತಟ್ಟನೆ ತಿರುಗಿ ನನ್ನ ತುಟಿ ನೋಡುತ್ತಿದ್ದರು. ನನಗೂ ನನ್ನ ಮಾತು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಎಮ್ಮೆಯನ್ನು ಕರೆಯುವಾಗಲೂ, ಈಗ ಇದೇ ದನಿ ಎಲ್ಲೋ ಯಾರದೋ ಕಿವಿಯಲ್ಲಿ ಏನೋ ಹೇಳುತ್ತಿರಬಹುದು ಅನಿಸಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ. ಫೋನ್ ಬಂದ್ ಮಾಡಿದರೂ ಅಂಗಡಿ ಬಂದ್ ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಅವ್ವ ಬಂದಳು.

ನನ್ನ ತವರು ಕರಜಗಿ. ಹಬ್ಬವಿಲ್ಲ, ಹೇಳಿಕೆಯಿಲ್ಲ, ತಮ್ಮನೂ ಜೊತೆಗಿಲ್ಲ. ಅವ್ವ ಒಬ್ಬಳೇ ಎಲ್ಲಿಗೂ ಬಸ್ಸು ಹತ್ತಿದವಳಲ್ಲ. ಹೊಲದ ದಾರಿಯಲ್ಲಿ ಅರ್ಧ ನಡೆದು ಅರ್ಧ ಓಡಿ ಬಂದಿದ್ದಳು. ಸೆರಗು ಜಾರಿತ್ತು, ಕಾಲೆಲ್ಲ ಧೂಳು. ನೀರು ಕೊಡಲು ಹೋದ ನನ್ನ ಕೈಯಿಂದ ತಂಬಿಗೆ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು.

"ನಿನ್ನ ಮೊಳಕಾಲಿಗೆ ಕಲೆ ಹೆಂಗಾತು? ಹೇಳು."

ನಾನು ನಗಲು ಹೋದೆ. ಅವಳ ಕಣ್ಣು ನೋಡಿ ನಗು ಬರಲಿಲ್ಲ.

"ಬಂಡಿಯಿಂದ ಬಿದ್ದಿದ್ದೆ. ಜ್ವಾಳದ ಸುಗ್ಗ್ಯಾಗ. ನೀ ಅರಿಷಿಣ ಒತ್ತಿದ್ದಿ. ಯಾಕವ್ವಾ?"

ಅವ್ವ ಅಲ್ಲೇ, ಕಟ್ಟೆಯ ಅಂಚಿಗೆ ಕುಸಿದು ಕೂತಳು. ಆಮೇಲೆ ಅತ್ತಳು. ಅತ್ತೆ ಬಂದು ಅವಳ ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಏನಾತ್ರಿ ಬೀಗರ? ಹೇಳ್ರಿ."

ಅವ್ವ ಹೇಳಿದ್ದು ಹೀಗೆ. ನನ್ನ ತಮ್ಮ ಕೊಡಿಸಿದ ಫೋನಿನಲ್ಲಿ ಅವಳು ದಿನವೂ ನನ್ನ ಅಂಗಡಿ ತೆರೆಯುತ್ತಿದ್ದಳಂತೆ. ಕಂಬಳಿ ನೋಡಲು ಅಲ್ಲ. "ನಿನ್ನ ಮಾರಿ ಐತಲ್ಲ ಅದರಾಗ. ಮುಂಜಾನೆ ಚಾ ಕುಡಿಯೂ ಮುಂದ ಒಂದ್ಸಲ, ಸಂಜಿಗೆ ಒಂದ್ಸಲ ನೋಡ್ತಿದ್ದೆ." ಅಂಗಡಿ ತೆರೆಯುವಾಗ ಮೊದಲ ಸಲ ನಂಬರ್ ಕೇಳಿದ್ದಕ್ಕೆ ತಮ್ಮ ಅವ್ವನ ನಂಬರ್ ಹಾಕಿಕೊಟ್ಟಿದ್ದ. ಹಿಂದಿನ ದಿನ ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ನಾನು.

"ಯವ್ವಾ, ಏನ್ ಮಾಡಾಕತ್ತೀ ಅಂದೆ. ನೀ ನನಗ 'ನಮಸ್ಕಾರ್ರಿ ಅಕ್ಕಾರ' ಅಂದಿ. ನಾ ನಿನ್ನ ಅವ್ವ ಅಂದೆ. ಗುರ್ತೇ ಹಿಡೀಲಿಲ್ಲ ನೀ. ಯಾರರೆ ಬಾಜೂ ನಿಂತು ಹೇಳಸಾಕತ್ತಾರೇನೋ, ನಿನ್ನ ತಲಿ ಕೆಟ್ಟೈತೇನೋ... ನಿನ್ನ ನಂಬರಿಗೆ ಹಚ್ಚಿದ್ರ ಬಂದ್. ಮತ್ತ ಹಚ್ಚಿದೆ, ಬಂದ್. ಬೆಳತನಕ ಕುಂತೇ ಇದ್ದೆ. ಮೊದಲ್ನೇ ಬಸ್ ಹತ್ತಿದೆ."

ಕೌದಿಗಳ ಅಡಿಯಿಂದ ಫೋನ್ ತೆಗೆದೆ. ಅಂಗಡಿ ತೆರೆದು ಕರೆಗಳ ಪಟ್ಟಿ ನೋಡಿದೆ. ಅವ್ವನ ನಂಬರಿನ ಮುಂದೆ ಒಂದು ಹಸಿರು ಗುರುತಿತ್ತು. "ಬೇಡವ್ವಾ, ಕೇಳೋದು ಬೇಡ," ಎಂದೆ. ಅವ್ವ, "ಹಚ್ಚು. ನೀ ಅಲ್ಲ ಅಂತ ನನಗ ಖಾತ್ರಿ ಆಗಬೇಕು," ಎಂದಳು. ಮೂವರು ಹೆಂಗಸರು ಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿ ಕೂತೆವು.

ಅವ್ವನ ದನಿ: "ಯವ್ವಾ, ನಾ. ನಿಮ್ಮವ್ವ."

ನನ್ನ ದನಿ: "ಭಾಳ ಸಂತೋಷ ಆತ್ರಿ ಅಕ್ಕಾರ. ನಿಮ್ಮಂಥಾ ಗಿರಾಕಿ ನಮಗ ತಾಯಿ ಇದ್ದಂಗ. ನೀವು ನಮ್ಮ ಅಂಗಡಿಗೆ ದಿನಾ ಬರ್ತೀರಿ, ನೋಡ್ತೀರಿ, ಒಯ್ಯಂಗಿಲ್ಲ. ಏನ್ ಅಡಚಣಿ ಐತ್ರಿ?"

"ಏನಾತಽ ನನ್ನ ಕೂಸ? ಯಾರದಾರ ಬಾಜೂಕ?"

"ಬಾಜೂಕ ಯಾರೂ ಇಲ್ರಿ. ನಿಮ್ಮ ಸಲುವಾಗೇ ಫೋನ್ ಹಚ್ಚೀನಿ. ಕರಿ ಕಂಬಳಿ ಬೇಕೇನ್ರಿ, ಬಿಳಿ ಅಂಚಿಂದು ಬೇಕೇನ್ರಿ?"

ಅವ್ವ ಅಳುವುದು ಕೇಳಿಸಿತು. ಬಹಳ ಹೊತ್ತು. ನಡುನಡುವೆ ನನ್ನ ದನಿ, ತಾಳ್ಮೆಯಿಂದ, ಅಷ್ಟೇ ಸಿಹಿಯಾಗಿ, "ಕೇಳಾಕತ್ತೀನ್ರಿ, ಹೇಳ್ರಿ," ಎನ್ನುತ್ತಿತ್ತು. ನನ್ನ ಪಕ್ಕದಲ್ಲಿ ಕೂತ ಅವ್ವ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅವಳು ಅಷ್ಟು ಅಳುವಾಗ ನಾನು ಬಣ್ಣ ಕೇಳುತ್ತಿದ್ದೆ.

ಜತ್ತದಲ್ಲಿ ಸಿಕ್ಕ ಹುಡುಗಿಗೆ ಆಗಲೇ ಫೋನ್ ಹಚ್ಚಿದೆ. ನಡೆದದ್ದನ್ನೆಲ್ಲ ಹೇಳಿದೆ. ಕೆಟ್ಟವಳಲ್ಲ, ಮರುಗಿದಳು. ಗಾಬರಿಯಾಗಬೇಡಿ ಎಂದಳು. ಆಮೇಲೆ, ಹೆಚ್ಚು ಸಲ ನೋಡಿ ಕೊಳ್ಳದೆ ಹೋದವರನ್ನೇ ಅದು ಮೊದಲು ಕರೆಯುವುದು, ನಿಮ್ಮ ತಾಯಿ ಎಲ್ಲರಿಗಿಂತ ಹೆಚ್ಚು ನೋಡಿದ್ದಾರೆ ಎಂದಳು. ಹಸಿರು ಗುರುತು ಯಾಕೆ ಎಂದು ಕೇಳಿದೆ. ಗಿರಾಕಿ ಕರೆ ಕಡಿಯದೆ ಬಹಳ ಹೊತ್ತು ಮಾತಾಡಿದರೆ ಅದು ಒಳ್ಳೆಯ ಕರೆ ಅಂತ ಲೆಕ್ಕವಂತೆ.

"ನನ್ನ ದನಿ ನನಗೆ ವಾಪಸ್ ಕೊಡಿ," ಎಂದೆ ಮರಾಠಿಯಲ್ಲಿ.

ಕರೆ ಹೋಗುವುದನ್ನು ಇವತ್ತೇ ನಿಲ್ಲಿಸುತ್ತೇನೆ ಎಂದಳು. ಓದಿಕೊಟ್ಟ ದನಿ ಎಲ್ಲಿರುತ್ತದೆ, ಅಳಿಸುತ್ತಾರೋ ಇಲ್ಲವೋ, ಅದು ಅವಳಿಗೆ ಗೊತ್ತಿರಲಿಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದಳು. ಕೇಳಿದಳೋ ಏನೋ. ಕರೆಗಳಂತೂ ನಿಂತವು. ದನಿಯ ಸುದ್ದಿ ಇವತ್ತಿನವರೆಗೂ ಬಂದಿಲ್ಲ.

ಸಂಜೆ ಮಾವನಿಗೂ ವಿಷಯ ಹೇಳಿದೆ. ಸುಳ್ಳು ಹೇಳಿ ಮಾರಿದ ಕಂಬಳಿಗಳು ಎಂದು ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು, "ಕಂಬಳಿ ಸುಳ್ಳಲ್ಲಲ್ಲ ಯವ್ವಾ," ಎಂದರು. ಆಮೇಲೆ, "ಆ ಜ್ವರದ ಕೂಸಿನವ್ವಗ ನೀನಽ ಒಮ್ಮಿ ಫೋನ್ ಮಾಡು. ಕೂಸು ಹೆಂಗೈತಿ ಕೇಳು," ಎಂದರು. ಮಾಡಿದೆ. ಆ ತಾಯಿ ಸಡಗರದಿಂದ ಮಾತಾಡಿದಳು. ಮಗು ಚೇತರಿಸಿಕೊಂಡಿತ್ತು. "ನಿಮ್ಮ ಮಗಳು ಹೆಂಗದಾಳ್ರಿ?" ಎಂದು ಕೇಳಿದಳು. ನನಗೆ ಮಗಳಿಲ್ಲ, ಆವತ್ತು ಮಾತಾಡಿದ್ದು ನಾನಲ್ಲ ಎಂದೆ. "ಮತ್ತ ಈಗ ಮಾತಾಡಾಕತ್ತೀರಲ್ಲ, ಇವ್ರು ಯಾರ್ರಿ?" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. ನಾನೇ ರೀ, ನಾನೇ ಎಂದೆ. ನಂಬಿದಳೋ ಇಲ್ಲವೋ, ಫೋನ್ ಇಟ್ಟಳು.

ಅವ್ವ ಕೆಲವು ದಿನ ನಮ್ಮಲ್ಲೇ ಉಳಿದಳು. ಅತ್ತೆಯೂ ಅವಳೂ ಉಣ್ಣೆ ಬಿಡಿಸುತ್ತ ಕೂರುತ್ತಿದ್ದರು. ಅಂಗಡಿಯಿಂದ ನನ್ನ ಫೋಟೋ ತೆಗೆದುಬಿಡುತ್ತೇನೆ ಎಂದು ನಾನು ಅಂದಾಗ ಅವ್ವ ಬೇಡವೆಂದಳು. "ಅದೊಂದ್ ಇರಲಿ. ನಾ ನೋಡೂದು ಬಿಡಂಗಿಲ್ಲ. ಗುರ್ತಿಲ್ಲದ ನಂಬರಿಂದ ಫೋನ್ ಬಂದ್ರ ಎತ್ತಂಗಿಲ್ಲ, ಅಷ್ಟ." ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನನ್ನ ಕೆನ್ನೆ ಮುಟ್ಟಿ ಹೋದಳು. ಈಗ ವಾರಕ್ಕೊಮ್ಮೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ. ಮುಖ ಕಾಣುವಂತೆ ಮಾಡು ಎನ್ನುತ್ತಾಳೆ. ಮುಖವನ್ನೂ ಹೀಗೆ ಮಾಡಲು ಬರುತ್ತದೆ ಎಂದು ಎಲ್ಲೋ ಕೇಳಿದ್ದೇನೆ. ಅವಳಿಗೆ ಹೇಳಿಲ್ಲ.

ಗಿರಾಕಿಗಳು ಮೊದಲಿನಂತೆ ಕಡಿಮೆಯಾದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯೇ ಫೋನ್ ಮಾಡುವ ಆ ಸೌಲಭ್ಯ ಎಲ್ಲ ಅಂಗಡಿಗಳಿಗೂ ಬಂತು.

ಮೊನ್ನೆ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಶೇಂಗಾ ಚಟ್ನಿಪುಡಿ, ಹಪ್ಪಳ ಮಾರುವ ಹೆಂಗಸು. ನಾನು ಹಿಂದಿನ ದಿನ ಆಕೆಯ ಅಂಗಡಿ ನೋಡಿದ್ದೆ. ಬಹಳ ಚಲೋ ದನಿ, ಸ್ವಲ್ಪ ದಣಿದಂತೆಯೂ ಇತ್ತು. ಕಡಿಯಬೇಕು ಅಂದುಕೊಂಡೆ. ನಿಜವಾದ ಹೆಂಗಸೇ ಆಗಿದ್ದರೆ? ಒಲೆಯ ಮುಂದೆ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು, ಏನು ಕೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ, "ನಿಮ್ಮವ್ವ ಚಲೋ ಅದಾರೇನ್ರಿ?" ಎಂದು ಕೇಳಿಬಿಟ್ಟೆ.

"ಇಲ್ರಿ," ಎಂದಳು. "ಹ್ವಾದ ವರ್ಷ ಹೋದ್ಲು."

ನನಗೆ ಮಗಳಿದ್ದಾಳೆ ಎಂದು ನನ್ನ ದನಿಯೂ ಹೀಗೇ ಹೇಳಿತ್ತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಾನು ಫೋನ್ ಇಡಲಿಲ್ಲ, ಆಕೆಯೂ ಇಡಲಿಲ್ಲ.