ಉಳಿದ ಒಂದು ವರ್ಷದಲ್ಲಿ ಏನು ಓದುವುದು?

"ನಿನಗೆ ಇಡೀ ಒಂದು ವರ್ಷ ಉಳಿಯುತ್ತದೆ. ಅದರಲ್ಲಿ ಏನು ಮಾಡಬೇಕು ಅಂತಿದ್ದೀ?"

ಕಳೆದ ವಾರ ನನ್ನ ಮಗಳನ್ನು ಒಬ್ಬರು ಹೀಗೆ ಕೇಳಿದರು. ಇಂಥ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿದ್ದಿಲ್ಲ. ನಿಮ್ಮನ್ನು ಕೇಳಿದ್ದಾರಾ?

ಕೇಳಿದವರು ಅವಳು ಸೇರಲಿರುವ, ಅಮೆರಿಕದ ಒಂದು ಪುಟ್ಟ ಕಾಲೇಜಿನ ಅಡ್ವೈಸರ್. ವಿಡಿಯೋ ಕಾಲ್‌ನಲ್ಲಿ. ಅವರ ಕೈಯಲ್ಲಿ ಬೆಳಗಿನ ಕಾಫಿ, ಇಲ್ಲಿ ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಸಂಜೆಯ ಚಹಾ. ಮಗಳು ಮೇಘನಾ ಹನ್ನೆರಡನೇ ಕ್ಲಾಸ್ ಮುಗಿಸಿದ್ದಾಳೆ. ಶಾಲೆಯಲ್ಲಿರುವಾಗಲೇ ಎಪಿ ಅಂತ ಕಾಲೇಜು ಮಟ್ಟದ ಪರೀಕ್ಷೆಗಳನ್ನೂ ಬರೆದಿದ್ದಳು. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಮೊದಲು ಕೇಳಿದಾಗ ಅದೇನೋ ಸೀಟು ಬುಕ್ ಮಾಡುವ ವ್ಯವಸ್ಥೆ ಅಂದುಕೊಂಡಿದ್ದೆ.) ಒಳ್ಳೆಯ ಅಂಕ ಬಂದರೆ ಆ ಪಾಠಗಳನ್ನು ಕಾಲೇಜಿನಲ್ಲಿ ಮತ್ತೆ ಓದಬೇಕಿಲ್ಲ, ಕ್ರೆಡಿಟ್ ಮೊದಲೇ ಸಿಕ್ಕಿಬಿಡುತ್ತದೆ. ಮೇಘನಾಳಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ವರ್ಷದಷ್ಟು. ನಾಲ್ಕು ವರ್ಷದ ಡಿಗ್ರಿಯನ್ನು ಮೂರಕ್ಕೇ ಮುಗಿಸಬಹುದು. ಇಲ್ಲವೇ ನಾಲ್ಕೂ ವರ್ಷ ಇದ್ದು, ಆ ಖಾಲಿ ಜಾಗದಲ್ಲಿ ಇಷ್ಟ ಬಂದದ್ದನ್ನು ಓದಬಹುದು. ಸ್ಕಾಲರ್‌ಶಿಪ್ ಪೂರ್ತಿ ನಾಲ್ಕು ವರ್ಷಕ್ಕಿದೆ.

"ಈಗಲೇ ಹೇಳಬೇಡ," ಅಂದರು ಅಡ್ವೈಸರ್. "ಒಂದು ವಾರ ನಮ್ಮ ಕೋರ್ಸ್ ಕ್ಯಾಟಲಾಗ್‌ನಲ್ಲಿ ಸುಮ್ಮನೆ ಸುತ್ತಾಡಿ ಬಾ."

ಸುತ್ತಾಡಿದ್ದು ಅವಳಲ್ಲ. ನಾವು, ಗಂಡ ಹೆಂಡತಿ.

ಆಫೀಸಿನಿಂದ ಬಂದವನೇ ಲ್ಯಾಪ್‌ಟಾಪ್ ತೆರೆದು ಸೋಫಾದಲ್ಲಿ ಕೂರುತ್ತಿದ್ದೆ. ಡೆಂಟಲ್ ಕ್ಲಿನಿಕ್‌ನಲ್ಲಿ ರಿಸೆಪ್ಶನಿಸ್ಟ್ ಆಗಿರುವ ನನ್ನ ಹೆಂಡತಿ ಪ್ರತಿಮಾ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಅಲ್ಲಿ ರಸಾಯನಶಾಸ್ತ್ರದ ಜೊತೆ ಸಂಗೀತ ಓದಬಹುದಂತೆ. ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಎಂದು ಎರಡನೇ ವರ್ಷದ ತನಕ ಹೇಳಬೇಕಿಲ್ಲವಂತೆ. ನಕ್ಷತ್ರಗಳು, ಮಣ್ಣಿನ ಪಾತ್ರೆ, ಕಡಲಿನ ಚರಿತ್ರೆ.

"ಇಲ್ಲಿ ನೋಡಿ, ನಿದ್ದೆಯ ಬಗ್ಗೆ ಒಂದು ಕೋರ್ಸ್ ಉಂಟು ಮಾರಾಯ್ರೆ! ಅದಕ್ಕೂ ಮಾರ್ಕ್ಸಾ?" ಅಂದಳು ಪ್ರತಿಮಾ.

ಓದುತ್ತಾ ಓದುತ್ತಾ ನಾನು ಎಲ್ಲಿಗೋ ಹೋಗಿಬಿಡುತ್ತಿದ್ದೆ. ಉದ್ದನೆಯ ಕಿಟಕಿ, ಆಚೆ ಕೆಂಪಾದ ಮರಗಳು, ಒಂದೇ ಮೇಜಿನ ಸುತ್ತ ಏಳೆಂಟು ಮಂದಿ. ಅವರ ನಡುವೆ ನಾನೂ ಒಬ್ಬ. (ಕೂದಲು ತುಂಬ ಇತ್ತು. ಕನಸಲ್ಲವೇ!) ಮೇಷ್ಟ್ರು ಹಾಯಿಹಡಗಿನ ದಾರಿಗಳ ಬಗ್ಗೆ ಹೇಳುತ್ತಿದ್ದರು. ಪರೀಕ್ಷೆಯ ಮಾತೇ ಇರಲಿಲ್ಲ.

ಪ್ರತಿಮಾಳ ಬೆರಳು 'ಹಳೆಯ ನಕ್ಷೆಗಳು' ಎಂಬ ಕೋರ್ಸಿನ ಮೇಲೆ ನಿಂತಿತು. "ನಾನಾದ್ರೆ ಇದನ್ನು ತಗೊಳ್ತಿದ್ದೆ," ಅಂದಳು, ಮೆಲ್ಲಗೆ. "ಪಿಯುಸಿ ಆದದ್ದೇ ಕಂಪ್ಯೂಟರ್ ಕ್ಲಾಸಿಗೆ ಹಾಕಿದ್ರು. ಇಷ್ಟ ಉಂಟಾ ಅಂತ ಯಾರೂ ಕೇಳ್ಲಿಲ್ಲ. ಸೀಟ್ ಉಂಟು ಅಂದ್ರು, ಹೋದೆ."

ಆಗಲೇ ಮೇಘನಾ ನೀರು ಕುಡಿಯಲು ಹೊರಗೆ ಬಂದಳು. "ಅಪ್ಪ, ಐ ಹ್ಯಾವ್ ಡಿಸೈಡೆಡ್. ಕೆಮಿಸ್ಟ್ರಿ, ಥ್ರೀ ಇಯರ್ಸ್, ಖಲಾಸ್."

"ಖಲಾಸಾ? ನಾಲ್ಕು ವರ್ಷ ಇರು ಅಂತ ಅವರೇ ಹೇಳುವಾಗ ನಿನಗೆಂಥ ಅರ್ಜೆಂಟು?" ಪ್ರತಿಮಾ ಕೇಳಿದಳು.

ಮೇಘನಾ ಬಾಟಲಿ ಹಿಡಿದುಕೊಂಡು ಫ್ರಿಜ್ಜಿಗೆ ಒರಗಿ ನಿಂತಳು. "ನಮ್ಮ ಕ್ಲಾಸಿನ ರಿಯಾ ಹೋದದ್ದು ನೆನಪುಂಟಲ್ಲ ಅಮ್ಮ? ಅವಳ ಡ್ಯಾಡಿ ವೀಸಾ ಕ್ಯಾನ್ಸಲ್ ಆಯ್ತು, ವರ್ಷದ ಮಧ್ಯದಲ್ಲೇ ಶಾಲೆ ಬಿಟ್ಟು ಊರಿಗೆ ಹೋದಳು. ಅಪ್ಪನದ್ದು ರಿನ್ಯೂ ಆಗ್ತದಾ ಇಲ್ವಾ ಅಂತ ಪ್ರತೀ ಸಲ ನೀವು ಕಿಚನ್‌ನಲ್ಲಿ ಮಾತಾಡ್ತೀರಿ. ಐ ಕ್ಯಾನ್ ಹಿಯರ್. ಬೇಗ ಮುಗಿಸಿದ್ರೆ ಸೇಫ್."



ಗಲ್ಫಿನಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸೋಫಾ ಕೊಳ್ಳುವಾಗಲೇ, ಹೋಗುವಾಗ ಇದನ್ನು ಯಾರಿಗೆ ಮಾರುವುದು ಎಂದು ಯೋಚಿಸುವವರು ನಾವು. ಗೋಡೆಗೆ ಮೊಳೆ ಹೊಡೆಯುವ ಮೊದಲು ಎರಡು ಸಲ ಯೋಚಿಸುತ್ತೇವೆ. ಆ ಗಾಳಿಯನ್ನೇ ಉಸಿರಾಡಿ ಬೆಳೆದ ಮಗು, ಉಚಿತವಾಗಿ ಸಿಕ್ಕ ವರ್ಷವನ್ನೂ ನಂಬುವುದು ಹೇಗೆ?

"ನಮ್ಮ ವೀಸಾ ನಮ್ಮ ತಲೆಬಿಸಿ ಮಗಾ," ಅಂದಳು ಪ್ರತಿಮಾ. "ಅದನ್ನು ಅಲ್ಲಿವರೆಗೂ ನೀನು ಯಾಕೆ ಹೊತ್ಕೊಂಡು ಹೋಗ್ತೀ?"

ಮೇಘನಾ ಬಾಟಲಿ ಹಿಡಿದುಕೊಂಡೇ ರೂಮಿಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಕಡಲ ಬದಿಯ ಬರ್ಕಾ ಊರಿಗೆ ಹೊರಟೆವು. ತರಕಾರಿಗೆ ಆಗಾಗ ಹೋಗುವುದಿದೆ. ಕಡಲ ಮೇಲಿನ ಮಂಜು ರಸ್ತೆಗೂ ಬಂದಿತ್ತು. ಖರ್ಜೂರದ ತೋಟಗಳು ಅದರಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು.

ದಾರಿ ಬದಿಯಲ್ಲಿ ಒಬ್ಬ ಒಮಾನಿ ಅಜ್ಜಿ ಹೊಸ ಖರ್ಜೂರದ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮೇಘನಾ ಇಳಿದು ಹೋದಳು. ಅಜ್ಜಿ ಒಂದು ಹಣ್ಣನ್ನು ಅವಳ ಕೈಗಿಟ್ಟು, ಗಲ್ಲ ಹಿಡಿದು, ಅರಬಿಯಲ್ಲಿ ಏನೇನೋ ಹೇಳಿದರು. ನಿಧಾನವಾಗಿ, ನಗುತ್ತಾ, ತುಂಬ ಹೊತ್ತು. ಮಗಳು ತಲೆಯಾಡಿಸಿದಳು. ಕೊನೆಗೆ "ಶುಕ್ರನ್" ಅಂದಳು, ಥ್ಯಾಂಕ್ಸ್ ಅಂತ. ಅಜ್ಜಿಗೆ ಹೇಳಲು ಅವಳಲ್ಲಿದ್ದದ್ದು ಅದೊಂದೇ ಪದ.

ಕಾರು ಹತ್ತಿದವಳೇ ಕೇಳಿದಳು, "ಅವರು ಎಂತ ಹೇಳಿದ್ದು ಅಪ್ಪ?"

"ಗೊತ್ತಾಗ್ಲಿಲ್ಲ."

"ಇಷ್ಟು ವರ್ಷದಿಂದ ಇಲ್ಲಿದ್ದೀರಲ್ಲ?"

ನಿಜ. ನನ್ನ ಅರಬಿ ಏನಿದ್ದರೂ ಟ್ರಾಫಿಕ್ ಪೊಲೀಸರಿಗೆ, ಪೆಟ್ರೋಲ್ ಬಂಕಿಗೆ ಸಾಕು. ಉಳಿದದ್ದೆಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆದುಹೋಯಿತು. ಮಸ್ಕತ್ತಿನ ಆಸ್ಪತ್ರೆಯಲ್ಲೇ ಹುಟ್ಟಿದ ಮೇಘನಾ ಕೂಡ, ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಎಂದು ಶಾಲೆಯಲ್ಲಿ ಹಿಂದಿ ತೆಗೆದುಕೊಂಡಿದ್ದಳು.

ವಾಪಸ್ ಬರುವ ದಾರಿಯುದ್ದಕ್ಕೂ ಅವಳು ಕಿಟಕಿಗೆ ಹಣೆ ಆನಿಸಿ, ಅಜ್ಜಿ ಹೇಳಿದ ಮಾತಿನ ಒಂದೆರಡು ತುಣುಕುಗಳನ್ನು ಪಿಸುಗುಡುತ್ತಿದ್ದಳು. ಅರ್ಥ ಗೊತ್ತಿಲ್ಲದ ಲಾಲಿಯ ಹಾಗೆ. ಪ್ರತಿಮಾ ನನ್ನತ್ತ ನೋಡಿ, ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದಳು.

ಮೊನ್ನೆ ಅಡ್ವೈಸರ್ ಮತ್ತೆ ಕಾಲ್‌ನಲ್ಲಿ ಬಂದರು. ನಾವಿಬ್ಬರೂ ಸ್ಕ್ರೀನಿಗೆ ಕಾಣದ ಹಾಗೆ ಪಕ್ಕದಲ್ಲಿ ಕೂತಿದ್ದೆವು.

"ನಾಲ್ಕು ವರ್ಷ ಇರ್ತೇನೆ," ಅಂದಳು ಮೇಘನಾ ಇಂಗ್ಲಿಷಿನಲ್ಲಿ. "ಮೇಜರ್ ಕೆಮಿಸ್ಟ್ರಿ. ಎಪಿ ಕ್ರೆಡಿಟ್ ಇರುವುದರಿಂದ ಮೊದಲ ವರ್ಷದ್ದನ್ನು ಮತ್ತೆ ಓದುವುದಿಲ್ಲ. ಆ ಜಾಗದಲ್ಲಿ ಅರೇಬಿಕ್."

ಪ್ರತಿಮಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಡ್ವೈಸರ್ ಕನ್ನಡಕ ಸರಿಮಾಡಿಕೊಂಡರು. "ಅರೇಬಿಕ್? ನೀನು ಒಮಾನಿನಲ್ಲೇ ಹುಟ್ಟಿ ಬೆಳೆದವಳಲ್ಲವೇ?"

"ಹೌದು," ಅಂದಳು. "ಇಲ್ಲಿ ಇಷ್ಟು ದಿನ ಅದಕ್ಕೆ ಪುರುಸೊತ್ತೇ ಆಗಲಿಲ್ಲ."

ಹುಟ್ಟಿದ ಊರಿನ ಮಾತು ಕಲಿಯಲು ಮನುಷ್ಯ ಎಷ್ಟು ದೂರ ಹೋಗಬೇಕು, ಹೇಳಿ?