ಜರಡಿಯಕ್ಕ ಮೇಜು ಬಿಟ್ಟುಕೊಟ್ಟದ್ದು

ಮಳೆಕೋಟು ತಯಾರಿಸುವ ಆ ಕಾರ್ಖಾನೆಯಲ್ಲಿ ಜರಡಿಯಕ್ಕನೆಂದರೆ ಎಲ್ಲರಿಗೂ ಗೌರವ, ಗೌರವದೊಳಗೊಂದು ಅಂಜಿಕೆ. ಉದ್ದನೆಯ ಹಜಾರದ ಕೊನೆಯಲ್ಲಿ ಅವಳ ತಪಾಸಣೆಯ ಮೇಜು. ಹೊಲಿದು ಮುಗಿದ ಕೋಟನ್ನು ಒಳಹೊರಗು ಮಾಡಿ, ತೋಳಿಗೆ ನೀರು ತುಂಬಿ, ಬೆಳಕಿಗೆ ಎತ್ತಿ ಹಿಡಿಯುವಳು. ಒಂದು ಹನಿ ಜಿನುಗಿದರೂ ಅದು ಆ ಮೇಜು ದಾಟುವಂತಿರಲಿಲ್ಲ. "ಅಕ್ಕನ ಕಣ್ಣಿಗೆ ಬಿದ್ದ ಕೋಟು ಒಳ್ಳೇದಾಗಿದ್ರೂ ಒಂದು ಸಲ ಬೆವರುತ್ತೆ" ಎಂದು ಪ್ಯಾಕಿಂಗಿನವರು ನಗುತ್ತಿದ್ದರು. ಜರಡಿ ಎಂಬ ಹೆಸರಿಟ್ಟವರೂ ಅವರೇ. ಆ ಹೆಸರನ್ನು ಆಕೆ ಒಡವೆಯಂತೆ ಧರಿಸಿದ್ದಳು.

ಆದರೆ ಇಂಥ ಜರಡಿಯಲ್ಲೂ ಒಂದು ಹರಕಿತ್ತು. ಅದು ಅವಳ ನಾದಿನಿ.

ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದ ಆ ಹುಡುಗಿ ಮೂಲೆ ಹಿಡಿದು ಕುಳಿತಿದ್ದಾಗ, ಕೈ ಹಿಡಿದೆಬ್ಬಿಸಿ ಕೆಲಸಕ್ಕೆ ಕರೆತಂದವಳು ಅತ್ತಿಗೆಯೇ. ಹೊಲಿಗೆಯ ಸಾಲಿನ ಮೇಲೆ ಟೇಪನ್ನು ಬಿಸಿ ಮಾಡಿ ಒತ್ತಿ ಅಂಟಿಸುವ ಯಂತ್ರ ನಾದಿನಿಯ ಪಾಲಿಗೆ ಬಂತು. ನೀರು ಒಳಬರದಂತೆ ತಡೆಯುವುದು ಆ ಟೇಪು. ಮೊದಮೊದಲು ಎಲ್ಲವೂ ನೆಟ್ಟಗಿತ್ತು. ಬೇಸಿಗೆ ಕಾಲಿಟ್ಟಿತು ನೋಡಿ, ಅವಳ ಕೋಟುಗಳು ಕಂಕುಳಲ್ಲಿ ಜಿನುಗತೊಡಗಿದವು. ಕೆಲಸ ಹೋದರೆ ಹುಡುಗಿ ಮತ್ತೆ ಮೂಲೆ ಸೇರುವಳೆಂಬ ಭಯ ಅತ್ತಿಗೆಗೆ. ಅಂಥ ಕೋಟುಗಳನ್ನು ಸದ್ದಿಲ್ಲದೆ ಮೇಜಿನ ಕೆಳಗೆ ತಳ್ಳಿ, ಊಟದ ಬಿಡುವಿನಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಟೇಪು ಕೂರಿಸಿ, ಒಳ್ಳೆಯವುಗಳ ರಾಶಿಗೆ ಸೇರಿಸುತ್ತಿದ್ದಳು. ನಾದಿನಿ ಒಂದು ದಿನ ಕಂಬದ ಮರೆಯಿಂದ ಅದನ್ನು ಕಂಡಳು. ಕಂಡೂ ಕಾಣದವಳಂತೆ ತುತ್ತು ನುಂಗಿದಳು. ಇಬ್ಬರೂ ಆ ಮಾತೆತ್ತಲಿಲ್ಲ.

ಆಗಲೇ ಹೊಸ ಮ್ಯಾನೇಜರು ಬಂದದ್ದು. "ತಪ್ಪನ್ನ ಬಾಗಿಲ ತನಕ ನಡೆಸಿಕೊಂಡು ಬಂದು ಅಲ್ಲಿ ಹಿಡಿಯೋದು ಬೇಡ. ಹುಟ್ಟಿದ ಕಡೆಯೇ ಹಿಡಿಯೋಣ. ಕೈಗೆ ಬಂದ ಕೋಟನ್ನ ಅವರವರೇ ನೋಡ್ಕೋಬೇಕು. ಸರಿಯಿಲ್ಲ ಅಂದ್ರೆ ತಲೆ ಮೇಲೆ ಕಟ್ಟಿಸಿರೋ ಈ ಹಗ್ಗ ಎಳೀರಿ, ಕೆಂಪು ದೀಪ ಹತ್ತಿ ಯಂತ್ರ ನಿಲ್ಲುತ್ತೆ. ಎಲ್ಲರೂ ನಿಲ್ಲೋಣ. ಯಾರು ಅಂತ ಕೇಳೋದಿಲ್ಲ, ಯಾಕೆ ಅಂತ ಮಾತ್ರ ಕೇಳ್ತೀನಿ" ಎಂದರು. ಕೊನೆಯ ಮೇಜನ್ನು ತೆಗೆಸಿದರು. ಜರಡಿಯಕ್ಕನ ಹೊಸ ಜಾಗ ನಾದಿನಿಯ ಪಕ್ಕದಲ್ಲೇ, ಟೇಪು ಅಂಟಿದ ಕೋಟಿಗೆ ಗುಂಡಿ ಹಾಕುವಲ್ಲಿ.

"ಮೇಜು ಹೋಯ್ತು, ಇನ್ನು ಮರ್ಯಾದೆ ಯಾವಾಗ ಹೋಗುತ್ತೋ" ಎಂದು ಅವಳು ಮನೆಯಲ್ಲಿ ಗೊಣಗಿದಳು.

"ಮೇಜು ಹೋದ್ರೆ ಹೋಗ್ಲಿ, ನಿನ್ನ ಬಾಯಿ ಇದೆಯಲ್ಲ" ಎಂದು ಗಂಡ ನಕ್ಕ. ನಾದಿನಿ ನಗಲಿಲ್ಲ.

ಮರುದಿನ ಬೆಳಿಗ್ಗೆಯೇ ಪರೀಕ್ಷೆ ಎದುರಾಯಿತು. ನಾದಿನಿಯ ಕೈಯಿಂದ ಬಂದ ಕೋಟಿನ ಕಂಕುಳಲ್ಲಿ ಟೇಪು ಗುಳ್ಳೆ ಎದ್ದಿತ್ತು. ಕೆಳಗೆ ತಳ್ಳಿ ಅಡಗಿಸಲು ಈಗ ಮೇಜಿನ ಮರೆಯಿಲ್ಲ. ಹಗ್ಗ ಎಳೆದರೆ ಹಜಾರದಷ್ಟು ಜನರ ಎದುರು ಮನೆಯ ಹುಡುಗಿಯನ್ನು ನಿಲ್ಲಿಸಿದಂತೆ. ಎಳೆಯದಿದ್ದರೆ ಯಾರೋ ಹೊಟ್ಟೆಪಾಡಿನವನು ಜಡಿಮಳೆಯಲ್ಲಿ ನಂಬಿ ತೊಟ್ಟು ನೆನೆಯುವನು. ದೇವರು ನಮ್ಮನ್ನು ಪರೀಕ್ಷಿಸಲು ಗುಡುಗಿನೊಡನೆ ಬರುವನೆಂದು ಕಾಯುತ್ತೇವೆ. ಅಂದು ಆತ ಬಂದದ್ದು ಉಗುರಿನಗಲದ ಗುಳ್ಳೆಯಾಗಿ. ಜರಡಿಯಕ್ಕ ಒಮ್ಮೆ ಕಣ್ಣು ಮುಚ್ಚಿದಳು. ಹಗ್ಗ ಎಳೆದಳು.

ಕೆಂಪು ದೀಪ ಹತ್ತಿತು. ಯಂತ್ರಗಳೆಲ್ಲ ಸ್ತಬ್ಧ.

"ನೀನಾ ಅತ್ತಿಗೆ?" ನಾದಿನಿ ಯಂತ್ರ ಬಿಟ್ಟು ಅವಳತ್ತ ತಿರುಗಿದಳು. "ಇಷ್ಟು ದಿನ ಮುಚ್ಚಿಟ್ಟೆಯಲ್ಲ, ಇವತ್ತೇನು ಬಂತು ನಿನಗೆ?"

"ಮುಚ್ಚಿಟ್ಟದ್ದೇ ತಪ್ಪಾಯ್ತು ಕಣೇ" ಎಂದಳು ಜರಡಿಯಕ್ಕ. ಎಲ್ಲರಿಗೂ ಕೇಳುವಂತೆಯೇ ಎಂದಳು.

ಮ್ಯಾನೇಜರು ಬಂದವರು ಕೋಟನ್ನು ತಿರುಗಿಸಿ ನೋಡಿ, "ಗುಳ್ಳೆ ಯಾಕೆ ಬಂತು?" ಎಂದರು.

"ಟೇಪು ಕೂತಿಲ್ಲ, ಸಾರ್. ನನ್ನ ಕೈಯೇ ಸರಿಯಿಲ್ಲ" ಎಂದಳು ನಾದಿನಿ.

"ಕೈ ಆಮೇಲೆ ನೋಡೋಣಮ್ಮ. ಯಾಕೆ ಕೂತಿಲ್ಲ?"

ಶಾಖ ಸಾಲದೆ. ಶಾಖ ಯಾಕೆ ಸಾಲದು? ಯಂತ್ರ ರಿಪೇರಿಯವನು ಬಗ್ಗಿ ಟೇಪು ಒತ್ತುವ ರೋಲರಿನ ಒಂದು ತುದಿ ಮುಟ್ಟಿದ, ಇನ್ನೊಂದು ತುದಿ ಮುಟ್ಟಿ ಕೈ ಕೊಡವಿದ. ಈ ಕಡೆ ಸುಡುತ್ತಿತ್ತು, ಆ ಕಡೆ ಬರೀ ಬೆಚ್ಚಗಿತ್ತು. ಅವನು ತಲೆಯೆತ್ತಿದ. ಗೋಡೆಯ ಫ್ಯಾನು ಸೀದಾ ಆ ಬೆಚ್ಚನೆಯ ತುದಿಗೇ ಗಾಳಿ ಬೀಸುತ್ತಿತ್ತು.

"ಈ ಫ್ಯಾನ್ ಇಲ್ಲಿಗೆ ಹಾಕಿಸಿದ್ಯಾರು?" ಎಂದ ರಿಪೇರಿಯವನು.

ಬೇಸಿಗೆಯ ಮೊದಲಲ್ಲಿ "ನಮ್ಮ ಹುಡುಗಿ ಬೆಂದು ಹೋಗ್ತಾಳೆ" ಎಂದು ಆಫೀಸಿಗೆ ಹೋಗಿ ಜಗಳವಾಡಿ ಅದನ್ನು ಹಾಕಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು.

"ನಾನೇ" ಎಂದಳು ಜರಡಿಯಕ್ಕ.

ನಾದಿನಿ ಅವಳನ್ನು ನೋಡಿದಳು, ಫ್ಯಾನನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಬಂದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. "ನಿನ್ನ ಪ್ರೀತಿ ಇದೆಯಲ್ಲ ಅತ್ತಿಗೆ, ಅದಕ್ಕೊಂದು ರೆಗ್ಯುಲೇಟರ್ ಹಾಕಿಸಬೇಕು! ನನಗೆ ಈ ಕೆಲಸ ಹತ್ತೋದಿಲ್ಲ ಅಂತ ಈ ವಾರ ಬಿಡೋಣ ಅಂದ್ಕೊಂಡಿದ್ದೆ."

ಹಜಾರ ಗೊಳ್ಳೆಂದಿತು. ಫ್ಯಾನಿನ ಮುಖ ತಿರುಗಿತು, ಗುಳ್ಳೆಗಳು ನಿಂತವು. ತಿದ್ದಿದ ಹಳೆಯ ಕೋಟುಗಳೆಲ್ಲ ಪ್ಯಾಕಿಂಗಿನಿಂದ ಹಿಂದೆ ಬಂದವು. ಜರಡಿಯಕ್ಕನೇ ಅವನ್ನು ಒಂದೊಂದಾಗಿ ಗುರುತಿಸಿ ಕೊಟ್ಟಳು. ತನ್ನ ಪಾಪದ ಗಂಟನ್ನು ತಾನೇ ಬಿಚ್ಚುವ ಭಾಗ್ಯ ಎಲ್ಲರಿಗೂ ಸಿಗದು.

ಮುಂಗಾರಿಗೆ ಮುನ್ನ ದೊಡ್ಡ ಲಾರಿ ಬಾಗಿಲಲ್ಲಿ ಕಾಯುತ್ತಿದ್ದ ದಿನ, ಎಲ್ಲರ ಕೈಗಳೂ ಓಡುತ್ತಿದ್ದಾಗ, ಮತ್ತೆ ಕೆಂಪು ದೀಪ ಹತ್ತಿತು. ಮ್ಯಾನೇಜರು ಓಡಿ ಬಂದರು. ಕಟಿಂಗಿನ ಹಿರಿಯ ಮೇಸ್ತ್ರಿಯೂ ಬಂದ, ಮೂಗಿನ ತುದಿಯಲ್ಲಿ ಕೋಪ.

"ಯಾರಮ್ಮಾ ಅದು, ಲಾರಿ ನಿಂತಿರೋದು ಕಾಣಲ್ವಾ?"

"ನಾನು ಮೇಸ್ತ್ರಿಗಳೇ" ಎಂದಳು ನಾದಿನಿ. "ಬಟ್ಟೆ ಓರೆ ಕತ್ತರಿಸಿ ಬಂದಿದೆ. ನಾನು ಅಂಟಿಸಿದ್ರೆ ಅಂಟುತ್ತೆ, ಆದ್ರೆ ನಿಲ್ಲೋದಿಲ್ಲ. ನಿಮ್ಮನ್ನ ಬೈತಿಲ್ಲ, ಯಾಕೆ ಓರೆಯಾಯ್ತು ಅಂತ ನೋಡೋಣ ಬನ್ನಿ."

ಮೇಸ್ತ್ರಿ ಬಟ್ಟೆ ಹಿಡಿದು ನೋಡಿ, ಕಟಿಂಗಿನ ಕಡೆಗೆ ಅವಳ ಮುಂದೆ ನಡೆದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೊರಟಳು.

"ಆ ಹುಡುಗಿ ಯಾರು?" ಲಾರಿಯವನು ಬಾಗಿಲಿಂದ ಇಣುಕಿ ಕೇಳಿದ.

ಜರಡಿಯಕ್ಕ ಕೈಯಲ್ಲಿದ್ದ ಗುಂಡಿಯನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ನಮ್ಮನೆಯವಳು" ಎಂದಳು.